ಬೆಚ್ಚಗಿನ ಮಣ್ಣು

ಬಸ್ ಡಿಪೋದ ಹಿಂಗೋಡೆಯ ಬಳಿ ಅವಳು ದಿನಾ ಬೆಳಿಗ್ಗೆ ಮಣ್ಣಿನ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ನಿಲ್ಲುತ್ತಿದ್ದಳು. ಡ್ರೈವರುಗಳು ‘ಮಣ್ಣಿನ ಡಾಕ್ಟರು’ ಎಂದು ಹೆಸರಿಟ್ಟು, ನಾಡಿ ನೋಡ್ತಾಳೆ ಎಂದು ನಗುತ್ತಿದ್ದರು. ನಗಲಿ ಬಿಡಿ, ಅವಳು ನೋಡುತ್ತಿದ್ದುದೂ ಅದನ್ನೇ. ರಾಶಿ ಬೆಚ್ಚಗಿದ್ದರೆ ಒಳಗಿನ ಬ್ಯಾಕ್ಟೀರಿಯಾಗಳು ಡೀಸೆಲ್ ತಿಂದುಕೊಂಡು ಚೆನ್ನಾಗಿವೆ ಎಂದರ್ಥ.

ನೆಲದಡಿಯ ಟ್ಯಾಂಕು ಸೋರಿ ಸೋರಿ ಅಲ್ಲಿನ ಮಣ್ಣೆಲ್ಲ ಡೀಸೆಲ್ ಕುಡಿದಿತ್ತು. ಟ್ಯಾಂಕು ಕಿತ್ತು ಹಾಕಿದರೂ ವಾಸನೆ ಗೋಡೆಯಾಚೆಯ ಬಾವಿಗೆ ಇಳಿಯಿತು. ಆ ಬಾವಿ ಅವಳ ತಾಯಿಯದು. ಮೇಲೆ ಕಾಂಕ್ರೀಟ್ ಸುರಿದುಬಿಟ್ಟರೆ ಕಣ್ಣಿಗೂ ಕಾಣದು, ಮೂಗಿಗೂ ಬಾರದು ಎಂಬುದು ಮ್ಯಾನೇಜರ್ ಸಾಹೇಬರ ಘನವಾದ ಯೋಜನೆ. ಅಡಿಯ ಡೀಸೆಲ್ ಬಾವಿಗೆ ಇಳಿಯುತ್ತಲೇ ಇದ್ದರೆ ಅದು ಅವರ ತಲೆನೋವಲ್ಲವಲ್ಲ. ಅವಳು ಜಗಳ ಕಾದು ಮಳೆಗಾಲ ಶುರುವಾಗುವವರೆಗೆ ಗಡುವು ಪಡೆದಿದ್ದಳು. ಅಷ್ಟರಲ್ಲಿ, ಅಗೆದು ಗುಡ್ಡೆ ಹಾಕಿದ ಈ ರಾಶಿಯಲ್ಲಿನ ಡೀಸೆಲ್ ಅರ್ಧಕ್ಕಿಳಿಯಬೇಕು. ಗೊಬ್ಬರ ಬೆರೆಸಿ, ನೀರು ಚಿಮುಕಿಸಿ, ಗಾಳಿಯಾಡಲೆಂದು ಮಣ್ಣು ತಿರುವಿ ತಿರುವಿ ಅಂಗೈಯಲ್ಲಿ ಬೊಬ್ಬೆಗಳೆದ್ದಿದ್ದವು.

ಒಂದು ಬೆಳಿಗ್ಗೆ ಕೈ ತೂರಿಸಿದರೆ ರಾಶಿ ತಣ್ಣಗೆ. ಮೂಗಿಗೆ ಬ್ಲೀಚಿಂಗ್ ಪೌಡರಿನ ಘಾಟು.

ಊಟದ ಡಬ್ಬಿ ಹಿಡಿದು ಬಂದ ತಾಯಿ ಹೆಮ್ಮೆಯಿಂದಲೇ ಒಪ್ಪಿಕೊಂಡಳು. ಬಾಗಿಲ ಹಿಡಿಕೆಗೂ ಸೋಪು ಹಚ್ಚಿ ತೊಳೆಯುವ ಜೀವ ಅದು.

“ನಾನೇ ಕಣೇ ಹಾಕಿದ್ದು. ನೆನ್ನೆ ನೀನು ಹೋದ್ಮೇಲೆ ಒಂದು ಮೂಟೆ ಪೂರ್ತಿ ಸುರಿದು ನೀರು ಹೊಡ್ದೆ. ದಿನಾ ಆ ಗಲೀಜಲ್ಲಿ ಕೈ ಹಾಕ್ತೀಯ, ರೋಗ ಬಂದ್ರೆ?”

“ಅಮ್ಮಾ, ನಿನ್ನ ಬಾವಿ ಉಳಿಸೋಕೆ ಅಂತ ಸಾಕಿದ್ದನ್ನೆಲ್ಲ ಸಾಯಿಸಿಬಿಟ್ಟೆಯಲ್ಲ.”

“ಸಾಕ್ತಾ ಇದೀನಿ ಅಂತ ನೀನು ಯಾವತ್ತಾದ್ರೂ ಬಾಯಿಬಿಟ್ಟು ಹೇಳಿದ್ಯಾ?”

ಹೇಳಿರಲಿಲ್ಲ. ಅಮ್ಮನಿಗೆ ಇದೆಲ್ಲ ಎಲ್ಲಿ ತಲೆಗೆ ಹೋಗುತ್ತದೆ ಎಂದುಕೊಂಡಿದ್ದಳು. ಓದಿದವರ ಸೊಕ್ಕು, ಇನ್ನೇನು. ಸಿಟ್ಟಿಗೆ ಕಣ್ಣು ತುಂಬಿ ಬಂತು. ಒರೆಸಿಕೊಂಡು ಸಲಿಕೆ ಎತ್ತಿಕೊಂಡಳು. ಕೈಕಟ್ಟಿ ಕೂತರೆ ಕಾಂಕ್ರೀಟ್ ಲಾರಿ ಬರುವುದು ಖಂಡಿತ.

ಮೇಲಿನ ಮಣ್ಣು ಎಳೆದುಹಾಕುತ್ತ ಹೋದಳು. ನಡು ಬಿದ್ದುಹೋಗುವ ಹೊತ್ತಿಗೆ ಅಡಿ ಸಿಕ್ಕಿತು. ಅಲ್ಲಿ ಕೈಯಿಟ್ಟಳು. ಮಣ್ಣು ಇನ್ನೂ ಬೆಚ್ಚಗಿತ್ತು.

“ಇಲ್ಲಿಗೆ ಪೌಡರ್ ಇಳಿದಿಲ್ಲ. ಮೇಲಿನದರ ಘಾಟು ಹೋದ್ಮೇಲೆ ಇದನ್ನ ಅದಕ್ಕೆ ಬೆರೆಸಿದ್ರೆ ಮತ್ತೆ ಹುಟ್ಕೊಳ್ತವೆ.”

“ಹಾಲಿಗೆ ಹೆಪ್ಪು ಹಾಕ್ದಂಗೆ,” ಎಂದಳು ತಾಯಿ. “ಇಷ್ಟು ಸುಲಭದ್ದನ್ನ ಹೇಳೋಕೆ ನಿಂಗೇನು ಧಾಡಿ?”

ಅಂದಿನಿಂದ ತಾಯಿಯೂ ತೋಳೇರಿಸಿ ನಿಂತಳು. ಘಾಟಿನ ಮಣ್ಣು ಬಿಸಿಲಿಗೆ ಹರವಿದರು, ಗೊಬ್ಬರ ಹೊತ್ತು ತಂದರು, ಕಲಸಿದರು, ತಿರುವಿದರು. ಇಬ್ಬರ ನಡುವೆ ಮಾತಿಗಿಂತ ಜಗಳವೇ ಹೆಚ್ಚು. ಆದರೆ ಸಲಿಕೆ ಮಾತ್ರ ನಿಲ್ಲಲಿಲ್ಲ.

ಗಡುವಿನ ದಿನ ಕಾಂಕ್ರೀಟ್ ಲಾರಿ ಗೇಟಿನ ಹೊರಗೆ ಗುರುಗುಟ್ಟುತ್ತ ನಿಂತಿತ್ತು. ಮ್ಯಾನೇಜರ್ ಪರೀಕ್ಷೆಯ ವರದಿಯನ್ನು ಎರಡೆರಡು ಸಲ ಓದಿದರು. ಡೀಸೆಲ್ ಅರ್ಧಕ್ಕಿಂತ ತುಸು ಕೆಳಗಿತ್ತು. ಅವರು ಮುಖ ಹುಳ್ಳಗೆ ಮಾಡಿಕೊಂಡು, “ಆಯ್ತು ಮೇಡಂ, ಮುಂದುವರಿಸಿ,” ಎಂದು ಲಾರಿ ವಾಪಸ್ ಕಳಿಸಿದರು.

“ಹಂಗಾದ್ರೆ ಬಾವಿ ನೀರು ಯಾವಾಗ ಕುಡೀಬೋದು?” ತಾಯಿ ಕೇಳಿದಳು.

ಸುಳ್ಳು ಹೇಳಬಹುದಿತ್ತು. ಹೇಳಲು ಮನಸ್ಸು ಬರಲಿಲ್ಲ.

“ಇದು ಒಂದು ರಾಶಿ ಅಷ್ಟೇ ಅಮ್ಮ. ಗೋಡೆವರೆಗಿನ ಮಣ್ಣೆಲ್ಲ ಇನ್ನೂ ಅಗೀಬೇಕು. ವರ್ಷಗಳೇ ಹಿಡಿಯುತ್ತೆ. ನಿನ್ನ ಕಾಲಕ್ಕೆ ಆಗುತ್ತೋ ಇಲ್ವೋ.”

ತಾಯಿ ಗೋಡೆಯ ಕಡೆ ತಿರುಗಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಆಗ್ದಿದ್ರೆ ನೀನು ಕುಡಿ. ಆ ಹಾರೆ ಕೊಡು ಇಲ್ಲಿ.”