ಕಗ್ಗದ ಗೋಡೆ

ಟಾರ್ಪಾಲು ಸರಿಸಿದ ಕೂಡಲೇ ಪ್ರಗತಿ ಎರಡು ಹೆಜ್ಜೆ ಹಿಂದೆ ಸರಿದಳು. ಗೋಡೆ ಹಸಿರಾಗಿತ್ತು. ಪಾಚಿಯಲ್ಲ, ಯಾರೂ ಬಣ್ಣ ಬಳಿದದ್ದೂ ಅಲ್ಲ. ಬೆರಳುದ್ದದ ಭತ್ತದ ಸಸಿಗಳು ಮಣ್ಣು ಒಡೆದುಕೊಂಡು ಸಾಲಾಗಿ ಹೊರಗೆ ಬಂದಿದ್ದವು.

ಹಾರವಾಡದ ಕಡಲ ದಂಡೆಯಲ್ಲಿ ಅವಳು ಸಿನಿಮಾಕ್ಕೆಂದು ಕಟ್ಟಿದ ಮನೆ ಅದು. ಕಲಾ ನಿರ್ದೇಶಕಿ ಎಂದು ಅವಳ ಹೆಸರು ಬರುವ ಮೊದಲ ಸಿನಿಮಾ. ಕಾರವಾರದಲ್ಲಿ ನಾಟಕಗಳಿಗೆ ರಂಗಸಜ್ಜಿಕೆ ಮಾಡುತ್ತಿದ್ದಾಗಿನಿಂದಲೂ ಅವಳದು ಒಂದೇ ಹಟ. ಥರ್ಮೋಕೋಲ್ ಬೇಡ, ಪ್ಲಾಸ್ಟರ್ ಬೇಡ, ಕೆಲಸ ಮುಗಿದ ಮೇಲೆ ಸೆಟ್ಟು ಕಸವಾಗದೆ ಬಂದ ಜಾಗಕ್ಕೇ ಹಿಂದಿರುಗಬೇಕು. ಹಟವೇನೋ ಚೆನ್ನಾಗಿಯೇ ಇತ್ತು. ಅದನ್ನು ನಡೆಸಿ ತೋರಿಸುವುದು ಮಾತ್ರ ಸುಲಭವಿರಲಿಲ್ಲ.

ಬಿದಿರಿನ ತಟ್ಟಿಗೆ ಮೆತ್ತಿದ ಮಣ್ಣು ಗಂಗಾವಳಿ ಹಿನ್ನೀರಿನ ಗಜನಿಯದು, ಉಪ್ಪುನೀರು ಬಂದುಹೋಗುವ ಗದ್ದೆಯದು. ಗೋಡೆ ಬಿರಿಯದಿರಲೆಂದು ಕಲೆಸಿದ ಭತ್ತದ ಹೊಟ್ಟೂ ಅಲ್ಲಿಯದೇ. ಎರಡನ್ನೂ ಕೊಟ್ಟವಳು ಗದ್ದೆಯ ಒಡತಿ ಶಂಕರಿ.

"ಮಣ್ಣ್ ಒಯ್ಯಿ ತಂಗೀ. ಆದ್ರೆ ಮಳೆಗಾಲಕ್ಕೆ ಮುಂಚೆ ನನ್ ಗದ್ದಿಗೆ ವಾಪಸ್ ಬೀಳೂಕೆ ಬೇಕು. ಹೆಂಗೆ ಒಯ್ದೆಯೋ ಹಂಗೇ," ಎಂದಿದ್ದಳು. ಬೇರೇನೂ ಕೇಳಿರಲಿಲ್ಲ. ಪ್ರಗತಿ ಅವಳ ಕೈ ಹಿಡಿದು ಮಾತು ಕೊಟ್ಟಿದ್ದಳು.

ಪ್ರೊಡಕ್ಷನ್ ಮ್ಯಾನೇಜರ್ ಸಂಕೇತ ಚಹಾ ಹೀರುತ್ತ ಬಂದವನು ಗೋಡೆ ನೋಡಿ ನಿಂತೇಬಿಟ್ಟ.

"ಏನ್ ಮೇಡಂ, ಸೆಟ್ ಹಾಕಿ ಅಂದ್ರೆ ಭತ್ತದ್ ಅಗೆ ಹಾಕೀರಲ್ಲ? ಥರ್ಮೋಕೋಲ್ ಆಗಿದ್ರೆ ಒಂದೇ ದಿವ್ಸದ್ ಕೆಲ್ಸ ಅಂತ ನಾ ಆವಾಗ್ಲೇ ಬಡ್ಕೊಂಡೆ."

ಬಡಿದುಕೊಂಡದ್ದು ನಿಜ. ಅಕಾಲದ ಮಳೆಗೆ ಹೆದರಿ, ತುಸು ನೆನೆದ ಗೋಡೆಗೆ ವಾರವಿಡೀ ಟಾರ್ಪಾಲು ಹೊದಿಸಿದ್ದೇ ತಪ್ಪಾಯಿತು. ಒಳಗೆ ತೇವ, ಮೇಲೆ ಬಿಸಿಲಿನ ಕಾವು. ಆಚೆ ಹೋಗಿ ಶಂಕರಿಗೆ ಫೋನ್ ಮಾಡಿದಳು.

"ಶಂಕರಕ್ಕ, ಆ ಹೊಟ್ಟಿನಲ್ಲಿ ಕಾಳು ಇತ್ತಾ?"

"ಇರದೆ ಎಂತ? ನಮ್ಮನೇಲಿ ಕಡೀ ಗೆರಸಿ ಭತ್ತ ತೂರೂದಿಲ್ಲ, ಕಾಳು ಹೊಟ್ಟಲ್ಲೇ ಬಿಡೂದು. ಅದು ಹಕ್ಕಿ ಪಾಲು, ಅತ್ತೆ ಕಾಲ್ದಿಂದ್ಲೂ ಹಂಗೇ. ಒಳ್ಳೇ ಹೊಟ್ಟು ಅಂತ ನಿಂಗೆ ಅದ್ನೇ ಕೊಟ್ಟೆ. ಯಾಕೇ?"

"ಏನಿಲ್ಲ ಅಕ್ಕ, ಸುಮ್ನೆ ಕೇಳ್ದೆ."

ಉಪ್ಪು ಮಣ್ಣಿನಲ್ಲಿ ಏನು ಮೊಳೆತೀತು ಎಂದು ಪ್ರಗತಿ ನಿಶ್ಚಿಂತೆಯಾಗಿದ್ದಳು. ಗಜನಿಯಲ್ಲಿ ಬೆಳೆಯುವ ಕಗ್ಗ ಭತ್ತಕ್ಕೆ ಉಪ್ಪೇ ತವರುಮನೆ. ಅಂಕೋಲೆಯಲ್ಲಿ ಅಜ್ಜಿಮನೆ ಇದ್ದವಳಿಗೆ ಇಷ್ಟು ಹೊಳೆಯಬಾರದಿತ್ತೇ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಅದೇ.

ಬೆಳಗಾದರೆ ಕೊನೆಯ ದೃಶ್ಯ. ಅದರ ಅರ್ಧ ಭಾಗ ಇದೇ ಕೋಣೆಯಲ್ಲಿ, ಒಣ ಗೋಡೆಯೆದುರು ಚಿತ್ರೀಕರಣವಾಗಿತ್ತು. ಉಳಿದರ್ಧದಲ್ಲೂ ಗೋಡೆ ಹಾಗೇ ಕಾಣಬೇಕು. ನಿರ್ದೇಶಕ ಸುಹಾಸ ನಟಿಯನ್ನು ಕರೆತರಲು ಗೋವೆಗೆ ಹೋಗಿದ್ದ. ಆಕೆ ಇರುವುದು ನಾಳೆ ಒಂದೇ ದಿನ. ಪ್ರಗತಿ ಒಂದು ಸಸಿ ಕಿತ್ತು ನೋಡಿದಳು. ಬೇರಿನ ಜೊತೆ ಹಿಡಿ ಮಣ್ಣೂ ಕಳಚಿ ಕೈಗೆ ಬಂತು. ಕತ್ತರಿಸಿದರೆ ಹಸಿರು ಕೂಳೆ ಉಳಿಯುತ್ತದೆ. ಮಣ್ಣು ಬಳಿದರೆ ಒಣಗುವುದಿಲ್ಲ. ಇದೊಂದು ಕೆಟ್ಟರೆ ಇನ್ನು ಯಾರು ಅವಳನ್ನು ಕರೆಯುತ್ತಾರೆ? ಮಣ್ಣು, ಬಿದಿರು ಅಂದಾಗಲೆಲ್ಲ ಜನ ಈ ಗೋಡೆಯ ಕತೆ ಹೇಳಿ ನಗುತ್ತಾರೆ.

ಸಂಕೇತ ಅಂಕೋಲೆ ಪೇಟೆಗೆ ಹೋಗಿ ಒಂದು ಕ್ಯಾನು, ಒಂದು ಪಂಪು ತಂದ.

"ಕಳೆ ಔಷ್ಧಿ. ಹೊಡದ್ರೆ ನಾಳಿಗೆ ಒಣಗಿ ಹುಲ್ಲುಕಡ್ಡಿ. ಯಾರಿಗ್ ಗೊತ್ತಾಗ್ತದೆ?"

ಅವಳು ಬೇಡ ಎಂದಳು. ಮತ್ತೆ ಬೇಡ ಎಂದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ತಾನೇ ಪಂಪು ಹೆಗಲಿಗೇರಿಸಿದಳು. ಹನಿಗಳು ಎಲೆಯಿಂದ ಮಣ್ಣಿಗೆ ಇಳಿಯುವುದನ್ನು ನೋಡಲಾರದೆ ಮುಖ ಅತ್ತ ತಿರುಗಿಸಿಕೊಂಡೇ ಹೊಡೆದಳು. ಶಂಕರಿಗೆ ಕೊಟ್ಟ ಮಾತು ಹೋಯಿತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೂ ಹೊಡೆದಳು.

ಬೆಳಿಗ್ಗೆ ಬಂದು ನೋಡಿದರೆ ಗೋಡೆ ಹಾಗೇ ಇತ್ತು. ಒಂದು ಎಲೆಯೂ ಬಾಡಿರಲಿಲ್ಲ. ಕ್ಯಾನಿನ ಮೇಲಿನ ಬರಹವನ್ನು ಆಗ ಓದಿದಳು. ಕಳೆ ಒಣಗಲು ವಾರ ಬೇಕಂತೆ.

ಅಷ್ಟರಲ್ಲಿ ಸುಹಾಸ ಬಂದ. ಗೋಡೆಯೆದುರು ನಿಂತ.

"ಪ್ರಗತಿ, ಇದು ತಾನಾಗಿ ಬಂತಾ?"

"ಹೌದು ಸರ್. ನಾನು ಏನಾದರೂ ಮಾಡಿ..."

"ಏನೂ ಮಾಡಬೇಡಿ. ಎಷ್ಟು ಚೆಂದ ಇದೆ ನೋಡಿ. ಆಗಿರುವ ಅರ್ಧಕ್ಕೂ ಈ ಅರ್ಧಕ್ಕೂ ನಡುವೆ ಒಂದು ಮಳೆ ಸುರಿಸಿದರಾಯಿತು. ಕತೆಯಲ್ಲಿ ಇದು ಬಿಟ್ಟು ಹೋದ ಮನೆ ಅಲ್ಲವಾ, ಹುಟ್ಟಲಿ ಬಿಡಿ."

ಸಂಕೇತ ಕ್ಯಾನನ್ನು ಜನರೇಟರಿನ ಹಿಂದೆ ಸರಿಸಿದ. ಪ್ರಗತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ದಿನ, ಬರೀ ಒಂದು ದಿನ ತಡೆದುಕೊಂಡಿದ್ದರೆ ಸಾಕಿತ್ತು. ಗೋಡೆ ಹಸಿ ಇದೆ, ಯಾರೂ ಮುಟ್ಟಬೇಡಿ ಎಂದು ನಟಿಗೂ ಉಳಿದವರಿಗೂ ಸುಳ್ಳು ಹೇಳಿದಳು. ಚಿತ್ರೀಕರಣ ಮುಗಿಯುವವರೆಗೂ ಆ ಗೋಡೆಯನ್ನು ಕಾಯುತ್ತ ನಿಂತಳು. ಎಲ್ಲರೂ ಅವಳ ಬೆನ್ನು ತಟ್ಟಿದರು. ವಿಷವಿಲ್ಲದ ಸೆಟ್ಟು ಅಂದರೆ ಇದು ಎಂದು ಸುಹಾಸ ಎಲ್ಲರೆದುರು ಹೊಗಳಿದ. ಒಂದೊಂದು ಹೊಗಳಿಕೆಗೂ ಅವಳು ಕುಗ್ಗಿಹೋದಳು.

ಸಂಜೆಗೆ ಮುಂಚೆಯೇ ಟೆಂಪೋ ಬಂತು. ಮಣ್ಣು ಒಯ್ಯಲು ಮೊದಲೇ ಹೇಳಿಟ್ಟದ್ದು. ಮುಂದಿನ ಸೀಟಿನಿಂದ ಶಂಕರಿ ಇಳಿದಳು. ಪ್ರಗತಿ ಎದುರು ಹೋಗುವಷ್ಟರಲ್ಲಿ ಅವಳು ಗೋಡೆಯ ಹತ್ತಿರವೇ ಹೋಗಿಬಿಟ್ಟಿದ್ದಳು.

"ಅಯ್ಯ, ನಮ್ ಕಗ್ಗ ಅಲ್ವೇನೇ ಇದು? ಗೋಡೇಲಿ ಹುಟ್ಕಂಡದೆ!" ಶಂಕರಿಯ ಮುಖ ಅರಳಿತು. "ನಿನ್ನೆ ಫೋನ್ ಮಾಡಿದ್ದು ಇದ್ಕೇ ಅನ್ನು. ಹೆಂಟೆ ಸಮೇತ ಗದ್ದಿಗೆ ಹಾಕ್ವಾ, ಬದುಕ್ದಷ್ಟು ಬದುಕ್ತದೆ. ನಾಕು ಕರೀಗೆ ಒಯ್ತೆ."

ಕರುವಿಗೆಂದು ಸಸಿ ಕೀಳಲು ಕೈ ಚಾಚಿದಳು. ಪ್ರಗತಿ ಓಡಿಬಂದು ಆ ಕೈ ಹಿಡಿದುಕೊಂಡಳು.

"ಮುಟ್ಟಬೇಡ ಅಕ್ಕ. ಔಷಧಿ ಹೊಡೆದಿದ್ದೇನೆ."

"ಎಂತಾ ಔಷ್ಧಿ?"

"ಕಳೆ ಔಷಧಿ. ಇದು ಸಾಯಲಿ ಅಂತ."

ಬೈದಿದ್ದರೆ ಪ್ರಗತಿಗೆ ಹಗುರವಾಗುತ್ತಿತ್ತು. ಹಿಡಿದ ಕೈಯನ್ನು ಶಂಕರಿ ಮೆಲ್ಲಗೆ ಬಿಡಿಸಿಕೊಂಡಳು.

"ಫೋನಲ್ಲೇ ಹೇಳಿದ್ರೆ ನಾನೇ ಬಂದು ಕೂತು ಒಂದೊಂದಾಗಿ ಕಿತ್ತು ಕೊಡ್ತಿದ್ದೆ," ಎಂದಳು. "ಈಗ ಈ ಮಣ್ಣ್ ನನ್ ಗದ್ದಿಗೆ ಬ್ಯಾಡ."

"ನನ್ನದು ತಪ್ಪಾಯ್ತು ಅಕ್ಕ."

"ತಪ್ಪು ಇರ್ಲಿ. ಮಣ್ಣ್ ಎಲ್ಲಿ ಹಾಕ್ತೆ, ಅದ್ನ ಹೇಳು."

ಕಡಲಿಗೆ ಹಾಕುವಂತಿಲ್ಲ. ದಂಡೆಯ ಮೇಲೆ ದನ ಮೇಯುತ್ತವೆ. ಆಚೆ ಇರುವುದು ಇನ್ನೊಬ್ಬರ ಗದ್ದೆ. ಟೆಂಪೋದವನು ಹಿಂದಿನ ಬಾಗಿಲು ಇಳಿಸಿ, ತುಂಬೋದಾ ಎಂದು ಕೇಳಿದ. ಶಂಕರಿ ಪ್ರಗತಿಯ ಮುಖವನ್ನೇ ನೋಡುತ್ತಿದ್ದಳು.