ಯಾರಾದರೂ ಬರುವ ತನಕ

ಮಹಾಲಕ್ಷ್ಮಮ್ಮ ಆಟೊ ಇಳಿಯುವಷ್ಟರಲ್ಲಿ ಗಂಡಸರು ಶವವಿದ್ದ ಜನಾಜಾ ಹೆಗಲಿಗೆತ್ತಿಕೊಂಡು ಮರಳೂರಿನ ಗಲ್ಲಿಯ ತಿರುವು ದಾಟುತ್ತಿದ್ದರು. ಸೆರಗನ್ನು ತಲೆಯ ಮೇಲೆಳೆದುಕೊಂಡು, ಕೈಮುಗಿದು, ಅವರು ಕಣ್ಮರೆಯಾಗುವವರೆಗೂ ರಸ್ತೆಯಂಚಿನಲ್ಲೇ ನಿಂತಳು. ಆಮೇಲೆ ಒಳಗೆ ಹೋದಳು.

ಹೆಂಗಸರ ನಡುವೆ ಚಾಪೆಯ ಮೇಲೆ ನಿಶಾತ್ ಕೂತಿದ್ದಳು. ಗಂಡ ಅಫ್ತಾಬ್‌ಗೆ ಮೂವತ್ತೆಂಟು ವರ್ಷ. ಹಿಂದಿನ ದಿನ ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಕೂತ ಕುರ್ಚಿಯಲ್ಲೇ ಎದೆ ಹಿಡಿದುಕೊಂಡವನು ಮತ್ತೆ ಏಳಲಿಲ್ಲ.

"ಯಾರಮ್ಮ ನೀವು?" ಅತ್ತೆ ಅಮೀನಾ ಬೀ ಕೇಳಿದರು.

"ಕುಣಿಗಲ್ ಕಡೆಯವ್ಳು ಕಣಮ್ಮ. ಹಾಲಿನ ಡೈರಿ ಸೆಕ್ರೆಟರಿ. ಭಾನ್‌ವಾರ ಭಾನ್‌ವಾರ ಸಾಬ್ರು ಬರ್ತಿದ್ದಿದ್ದು ನಮ್ಮ ಡೈರಿಗೇಯ."

ನಿಶಾತ್ ತಲೆಯೆತ್ತಿದಳು. ಎರಡು ವರ್ಷ ಅಫ್ತಾಬ್ "ಕೆಲಸ ಇದೆ" ಎಂದಷ್ಟೇ ಹೇಳಿ ಭಾನುವಾರದ ಮೊದಲ ಬಸ್ಸು ಹಿಡಿಯುತ್ತಿದ್ದ. ಎಲ್ಲಿಗೆಂದು ಅವಳು ಕೇಳಿರಲಿಲ್ಲ. ಕೇಳದ ಅನುಮಾನ ಒಳಗೇ ಬೆಳೆದಿತ್ತು.

"ಅಲ್ಲಿ ಏನ್ ಮಾಡ್ತಿದ್ರು?"

*

ಡೈರಿಯಲ್ಲಿ ಹಾಲು ಅಳೆದು ಚೀಟಿ ಕೊಡುವ ಯಂತ್ರ ಅಫ್ತಾಬನ ಫ್ಯಾಕ್ಟರಿಯದು. ಅದರೊಳಗಿನ ಪುಟ್ಟ ಆಪರೇಟಿಂಗ್ ಸಿಸ್ಟಂ ಬರೆದವನು ಅವನೇ. ಯಂತ್ರ ಬಂದ ಮೊದಲ ವಾರವೇ ಕರೆಂಟು ಹೋಯಿತು, ಹಾಲು ತಂದವರ ಸಾಲು ಅರ್ಧ ಕರಗುವಷ್ಟರಲ್ಲಿ ಬ್ಯಾಟರಿಯೂ ಸತ್ತಿತು. ಮುದುಕಿ ಭದ್ರಮ್ಮ ಕ್ಯಾನು ಹಿಡಿದು ಬಿಸಿಲೇರುವವರೆಗೂ ಕಾದಳು. ಹಾಲು ಒಡೆಯಿತು. ಚರಂಡಿಗೆ ಸುರಿದು ಹೋದಳು. ಯಂತ್ರ ನೋಡಿಕೊಳ್ಳಲು ಬಂದಿದ್ದ ಅಫ್ತಾಬ್ ನೋಡುತ್ತಾ ನಿಂತಿದ್ದ.

"ತಪ್ಪು ನಂದೇ ಅಕ್ಕ," ಎಂದ ಮುಂದಿನ ಭಾನುವಾರ ಮಹಾಲಕ್ಷ್ಮಮ್ಮನಿಗೆ. "ಯಾರೂ ಇಲ್ದಿದ್ರೂ ಈ ಮಷೀನು 'ಬಂದ್ರಾ, ಬಂದ್ರಾ' ಅಂತ ಸೆಕೆಂಡಿಗೆ ಸಾವಿರ ಸಲ ಎದ್ದೆದ್ದು ನೋಡ್ತದೆ. ಕಾಯೋದ್ರಲ್ಲೇ ಬ್ಯಾಟರಿ ಮುಗಿಸ್ಕೋತದೆ."

"ಮಲಗ್ಸಿ ಬುಡಿ ಮತ್ತೆ."

"ಮಲಗ್ಸಬೋದು. ಬಟನ್ ಒತ್ತಿದ ತಕ್ಷಣ ಏಳ್ಬೇಕಲ್ಲ?"

ಮಲಗಿಸಿದರೆ ಏಳುತ್ತಿರಲಿಲ್ಲ. ಎದ್ದರೆ ಹಿಂದಿನವರ ಅಳತೆ ಮರೆಯುತ್ತಿತ್ತು. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು. ಫ್ಯಾಕ್ಟರಿಯವರು ದೊಡ್ಡ ಬ್ಯಾಟರಿ ಹಾಕಿ ಮುಗಿಸು ಎಂದರು. ಅವನು ಒಪ್ಪಲಿಲ್ಲ.

*

"ಹೋದ್ ಭಾನ್‌ವಾರ ಮಿಷಿನ್ನು ಸರಿಹೋಯ್ತು ಕಣವ್ವ," ಎಂದಳು ಮಹಾಲಕ್ಷ್ಮಮ್ಮ. "ಅವತ್ತಿಂದ ಒಂದೇ ಚಾರ್ಜ್‌ನಾಗೆ ಮೂರ್ ದಿನ ಹಾಲು ಅಳ್ದಿದೀನಿ. ಅವತ್ತೇ 'ಇನ್ಮೇಲೆ ಭಾನುವಾರ ಬರಲ್ಲ ಅಕ್ಕ' ಅಂದ್ರು. 'ನಿಶಾತ್‌ನ ಗುಬ್ಬಿಗೆ ಕರ್ಕೊಂಡೋಗ್ತೀನಿ, ಅವಳ ಅಕ್ಕನ ಮನೆಗೆ. ಎರಡು ವರ್ಷದಿಂದ ಕೇಳ್ತಾವ್ಳೆ. ಇನ್ನೂ ಹೇಳಿಲ್ಲ ಅವಳಿಗೆ' ಅಂದ್ರು."

ಅಂದು ಶನಿವಾರ. ಮಾರನೆಯ ದಿನವೇ ಆ ಭಾನುವಾರ.

"ನನ್ ಹೆಸರು ಹೇಳಿದ್ರಾ?" ನಿಶಾತ್ ಕೇಳಿದಳು.

"ಹೆಸ್ರು ಹಿಡ್ದೇ ಅಂದ್ರು."

ಅಮೀನಾ ಬೀ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡರು.

ಗಂಡಸರು ಖಬರಸ್ತಾನದಿಂದ ಮರಳಿದ ಸದ್ದಾಯಿತು. ಕೈಗೆ ಹತ್ತಿದ ಮಣ್ಣು ತೊಳೆಯಲು ಯಾರೋ ನಲ್ಲಿ ಬಿಟ್ಟರು. ನಿಶಾತ್ ಚಾಪೆಯ ಅಂಚಿಗೆ, ಗೋಡೆಯ ಕಡೆಗೆ ಮೆಲ್ಲಗೆ ಸರಿದಳು. ಗುಬ್ಬಿಯ ಬಸ್ಸಿನಲ್ಲಿ ಕಿಟಕಿಯ ಸೀಟಿಗೆ ಸರಿದು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಡುವವಳಂತೆ.