ಬಸವನಿಗಿಟ್ಟ ಕೋರೆ

ಗ್ರೀಕರ ಪುರಾಣದ ಗೂಳಿತಲೆಯ ರಾಕ್ಷಸನನ್ನು ಚನ್ನರಾಯನದುರ್ಗದ ಕೋಟೆಗೆ ತಂದು, ಅಗ್ಗದಲ್ಲೊಂದು ಸಿನಿಮಾ ಮಾಡಲು ಹೊರಟಿದ್ದ ರೇಣುಕಪ್ರಸಾದ. ತಲೆ ಮಾಡಿಕೊಟ್ಟವರು ಕೊರಟಗೆರೆಯಲ್ಲಿ ದೇವರ ಮುಖವಾಡ ಮಾಡುವ ಅಡವಯ್ಯ. ಆ ಕೈ ಬೇರೇನನ್ನೂ ಕಲಿತಿರಲಿಲ್ಲ. ನೆನೆಸಿ ಅರೆದ ಕಾಗದದಿಂದ ರಾಕ್ಷಸನ ಬದಲು ಸಾಕ್ಷಾತ್ ಬಸವಣ್ಣನೇ ಎದ್ದು ಬಂದಿದ್ದ. ಕ್ಯಾಮೆರಾ ಮುಂದೆ ಕಿರುಚಿ ಓಡಬೇಕಿದ್ದ ಊರ ಹೆಂಗಸರು ಚಪ್ಪಲಿ ಬಿಟ್ಟು ಕೈಮುಗಿದು ನಿಂತರು.

"ಹೆದರ್ಸೋ ಮುಖ ಮಾಡಕ್ಕೆ ಬರ್ದಿದ್ರೆ ಯಾಕೆ ಒಪ್ಕಂಡ್ರಿ? ಕೋರೆಹಲ್ಲಾದ್ರೂ ಇಡಿ" ಎಂದು ರೇಣುಕಪ್ರಸಾದ ಎಲ್ಲರೆದುರು ಹರಿಹಾಯ್ದ. ಅಡವಯ್ಯ ಇಡಲಿಲ್ಲ. ಕೊನೆಗೆ ರೇಣುಕಪ್ರಸಾದನೇ ಎರಡು ಕೋರೆ ಅಂಟಿಸಿ ಚಿತ್ರ ಮುಗಿಸಿ, ತಲೆಯನ್ನು ಅಡವಯ್ಯನವರ ಮನೆಗೇ ವಾಪಸ್ ಕಳಿಸಿದ.

ಯೂಟ್ಯೂಬಿನಲ್ಲಿ ನೋಡಿದವರೆಲ್ಲ ನಕ್ಕರು. ಹೆಂಗಸರು ಕೈಮುಗಿದ ಆ ದೃಶ್ಯವೊಂದೇ ನೋಡುವಂತಿತ್ತೆಂದು ರೇಣುಕಪ್ರಸಾದನಿಗೆ ಹೊಳೆದದ್ದು ಆಮೇಲೆ. ಬುದ್ಧಿಗೆ ಮಂಕು ಬಡಿದವನಂತೆ ಅದನ್ನು ಚಿತ್ರೀಕರಣದ ದಿನವೇ ಅಳಿಸಿಹಾಕಿದ್ದ.

ಮೂರು ವರ್ಷದ ಮೇಲೆ ತಪ್ಪಾಯಿತೆನ್ನಲು ಹೋದರೆ, ಅಡವಯ್ಯ ತೀರಿಕೊಂಡು ತಿಂಗಳಾಗಿತ್ತು. ಅವರ ಹೆಂಡತಿ ಸರೋಜಮ್ಮ ದೇವರ ಮೂಲೆಯಿಂದ ಆ ತಲೆಯನ್ನು ಎತ್ತಿ ತಂದರು. ಹಣೆಯಲ್ಲಿ ವಿಭೂತಿಯಿತ್ತು, ಬಾಯಲ್ಲಿ ಕೋರೆಯೂ ಹಾಗೇ ಇತ್ತು.

"ಇದನ್ನ ಯಾಕಮ್ಮ ಕೀಳ್ಲಿಲ್ಲ?"

"ಇಟ್ಟೋನೇ ಬಂದು ಕೀಳ್ಲಿ ಅಂತಿದ್ರು ಕಣಪ್ಪ. ಬಸ್ಸು ನಿಂತ ಸದ್ದಾದ್ರೆ ಸಾಕು, ಬಾಗ್ಲು ಕಡೆ ನೋಡೋರು."

ರೇಣುಕಪ್ರಸಾದ ಕೋರೆಯನ್ನು ಹಿಡಿದು ಮೆಲ್ಲಗೆ ಎಳೆದ. ಆ ಸಿನಿಮಾದಲ್ಲಿ ಅವನು ಗಟ್ಟಿಯಾಗಿ ಮಾಡಿದ್ದ ಕೆಲಸ ಅದೊಂದೇ. ಕೋರೆಯ ಜೊತೆಗೆ ಬಸವನ ತುಟಿಯೂ ಕಿತ್ತು ಬಂತು.